ಎಂಜಿನ್ನಿನ ಮೇಲಿನ ಕೆಂಪು

ಆಯುಧಪೂಜೆಯ ಹಿಂದಿನ ದಿನ ಪುಟ್ಟಮಾದಯ್ಯನ ಗ್ಯಾರೇಜಿನಲ್ಲಿ ಕಬ್ಬಿಣವೆಂಬ ಕಬ್ಬಿಣವೆಲ್ಲ ಸ್ನಾನ ಮಾಡಬೇಕು. ಸ್ಪ್ಯಾನರು, ಜಾಕು, ಮುರಿದು ಮೂಲೆ ಸೇರಿದ ಸುತ್ತಿಗೆಯ ತಲೆ, ಯಾವುದನ್ನೂ ಬಿಡುವಂತಿಲ್ಲ. ಮೊದಲು ಸೀಮೆಎಣ್ಣೆ, ಆಮೇಲೆ ಒಣಬಟ್ಟೆ, ಆಮೇಲೆ ವಿಭೂತಿ. ತೊಳೆಯದ ವಸ್ತುವಿನ ಮೇಲೆ ಮನೆದೇವರು ಮಾದಪ್ಪ ಕೂರುವುದಿಲ್ಲ ಎಂದು ಅವನ ಅಪ್ಪ ಹೇಳುತ್ತಿದ್ದ. ಅಪ್ಪ ಹೇಳಿದ ಬೇರೆ ಎಷ್ಟೋ ಮಾತನ್ನು ಪುಟ್ಟಮಾದಯ್ಯ ಮರೆತಿದ್ದ, ಇದನ್ನು ಮರೆತಿರಲಿಲ್ಲ.

ಆ ವರ್ಷ ಷೆಡ್ಡಿನ ನಡುವೆ ಸ್ಟ್ಯಾಂಡಿನ ಮೇಲೆ ಒಂದು ಎಂಜಿನ್ನು ಕೂತಿತ್ತು. ಚಾಮರಾಜನಗರದ ಬ್ಯಾಂಕಿನಲ್ಲಿ ಕೆಲಸ ಮಾಡುವ ಸುಧಾಕರನ ಕಾರಿನದು. ಕಾರೆಂದರೆ ಎಲ್ಲ ಕಾರಿನಂಥದಲ್ಲ. ಎರಡೇ ಸೀಟು, ಬಟ್ಟೆಯ ಹೊದಿಕೆ, ನೆಲಕ್ಕೆ ಹೊಟ್ಟೆ ತಾಗುವಂತಿದ್ದ ಇಂಗ್ಲೆಂಡಿನ ಹಳೆಯ ಓಟದ ಕಾರು. ಸುಧಾಕರನ ತಂದೆ ಡಾಕ್ಟರು ಅದನ್ನು ಊಟಿಯ ಟೀ ತೋಟದವರೊಬ್ಬರಿಂದ ಕೊಂಡು, ಚಂದಕವಾಡಿಗೂ ಬೇಗೂರಿಗೂ ರೋಗಿಗಳನ್ನು ನೋಡಲು ಅದರಲ್ಲೇ ಹೋಗುತ್ತಿದ್ದರು. ಗಾಳಿಯನ್ನು ಸೀಳಲೆಂದು ಹುಟ್ಟಿದ ಆ ಕಾರು ಎಮ್ಮೆಗಳ ಹಿಂದೆ ಹಾರನ್ನು ಹೊಡೆಯುತ್ತ ತೆವಳುವುದನ್ನು ಪುಟ್ಟಮಾದಯ್ಯ ಹುಡುಗನಾಗಿದ್ದಾಗ ಕಂಡಿದ್ದ. ಅವನ ಅವ್ವನ ವಿಷಜ್ವರ ಬಿಡಿಸಿದ್ದೂ ಆ ಕಾರಿನಲ್ಲಿ ಬಂದ ಡಾಕ್ಟರೇ. ಅದಕ್ಕೇ ಅವನಿಗೆ ಈ ಎಂಜಿನ್ನಿನ ಕೆಲಸವೆಂದರೆ ಬರೀ ಕೆಲಸವಲ್ಲ, ಸೇವೆ.

ಸುಧಾಕರನಿಗೆ ಒಂದೇ ಆಸೆ: ಕಾರು ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಆಗಬೇಕು. ಮೈಸೂರಿನಲ್ಲಿ ಹಳೆಯ ಕಾರುಗಳ ಮೇಳವಿತ್ತು. ಅಲ್ಲಿ ಬಾನೆಟ್ಟು ಎತ್ತಿ ಎಂಜಿನ್ನಿನ ಬಣ್ಣವನ್ನೂ ನೋಡುತ್ತಾರಂತೆ.

"ಕಾರ್ಖಾನೇಲಿ ಎಂಜಿನ್ ಪೂರ್ತಿ ಕಟ್ಟಿದ ಮೇಲೆ ಒಂದೇ ಸಲಕ್ಕೆ ಬಣ್ಣ ಊದೋರು," ಎಂದು ಸುಧಾಕರ ವಿವರಿಸಿದ್ದ. "ಬೋಲ್ಟ್ ತಲೆಗೂ ಅದೇ ಬಣ್ಣ, ವಾಷರ್‌ಗೂ ಅದೇ. ಸಂದೀಲಿ ಬಣ್ಣ ಹೋಗದಿದ್ರೆ ಹೋಗ್ಲಿಲ್ಲ. ಹೊಳಪೂ ಜಾಸ್ತಿ ಇರಬಾರದು."

ಬಣ್ಣ ಹೊಡೆಯಲು ಒಪ್ಪಿದ್ದವನು ಗುಂಡ್ಲುಪೇಟೆಯ ಅಪ್ಸರ್ ಪಾಷಾ. ಕೇರಳದ ಲಾರಿಯವರೂ ಹುಡುಕಿಕೊಂಡು ಬರುತ್ತಿದ್ದ ಕೈ ಅದು. ಅವನು ನಕ್ಕಿದ್ದ. "ಅಂದ್ರೆ ಸಾರ್, ಕೆಟ್ಟದಾಗಿ ಹೊಡೀಲಿ ಅಂತ ಒಳ್ಳೇ ಪೇಂಟರನ್ನ ಹುಡ್ಕೊಂಡ್ ಬಂದಿದ್ದೀರಿ!"

ಆದರೆ ಯಾವ ಬಣ್ಣ? ಆ ಕಂಪನಿಯವರು ಕೆಲವು ವರ್ಷ ಕಡುಗೆಂಪು ಹೊಡೆದಿದ್ದರಂತೆ, ಕೆಲವು ವರ್ಷ ಬೂದುಹಸಿರು. ಈ ಎಂಜಿನ್ನಿನ ಮೈಯೆಲ್ಲ ಎಣ್ಣೆ ಸುಟ್ಟು ಕರಿಗಟ್ಟಿತ್ತು. ಅದನ್ನು ಕೆರೆದು ತೆಗೆಯುವಷ್ಟರಲ್ಲಿ ಉಳಿದದ್ದು ಬರಿಯ ಕಬ್ಬಿಣ. ನಂಬರಿನ ತಗಡಿನ ಪಕ್ಕದಲ್ಲಿ ಮಾತ್ರ ಅಂಗೈಯಷ್ಟು ಜಾಗದಲ್ಲಿ ಕಡುಗೆಂಪು ಇತ್ತು. ಸುಧಾಕರ ಅದರ ಸುತ್ತ ಕಾಗದದ ಟೇಪು ಅಂಟಿಸಿ, "ಇದೊಂದನ್ನ ಮುಟ್ಟಬೇಡಿ ಮಾದಯ್ಯ, ನಮಗಿರೋ ಸಾಕ್ಷಿ ಇದೊಂದೇ," ಎಂದಿದ್ದ. ಪಾಷಾ ಒಂದು ಸಂಜೆ ಬಂದು, ಮೊಬೈಲಿನ ಬೆಳಕು ಬಿಟ್ಟು ಅದನ್ನು ನೋಡಿಕೊಂಡು ಹೋಗಿ ಬಣ್ಣ ಕಲಸಿದ್ದ. ಇವತ್ತು ಮಧ್ಯಾಹ್ನ ಇಬ್ಬರೂ ಬಂದು ಕಲಸಿದ ಬಣ್ಣವನ್ನು ಆ ಜಾಗಕ್ಕೆ ಹಿಡಿದು ನೋಡುವವರಿದ್ದರು.

ಸುತ್ತಲಿನ ಕಬ್ಬಿಣವೆಲ್ಲ ಮಿಂದು ಮಡಿಯಾಗಿ ಕೂತ ಮೇಲೆ ಪುಟ್ಟಮಾದಯ್ಯನ ಕಣ್ಣು ಎಂಜಿನ್ನಿನ ಮೇಲೆ ಹೋಯಿತು. ಡಾಕ್ಟರ ಎಂಜಿನ್ನು, ಅದೊಂದೇ ಮೈಲಿಗೆಯಲ್ಲಿ! ಟೇಪಿನ ಒಳಗೆ ಹೋಗುವುದು ಬೇಡ, ಹೊರಗಷ್ಟೇ ಒರೆಸೋಣವೆಂದು ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿದ. ಬಟ್ಟೆ ತುಸು ಹೆಚ್ಚಾಗೇ ಕುಡಿದಿತ್ತೋ ಏನೋ. ಎಣ್ಣೆ ಇಳಿದು ಟೇಪಿನ ಕೆಳಗೆ ನುಸುಳಿತು. ಟೇಪು ಸುರುಳಿ ಸುತ್ತಿಕೊಂಡು ಬಿತ್ತು. ಗಾಬರಿಯಲ್ಲಿ ಹರಿಯುವ ಎಣ್ಣೆಯನ್ನು ಒತ್ತಿ ಹಿಡಿದು ಒರೆಸಿದ. ಕೈ ತೆಗೆದರೆ ಬಟ್ಟೆಯೆಲ್ಲ ಕೆಂಪು. ಎಂಜಿನ್ನಿನ ಮೇಲೆ ಕೆಂಪಿಲ್ಲ.

ಅವನು ಬಗ್ಗಿ ನೋಡಿದ. ಕೆಂಪಿದ್ದ ಕಡೆ ಈಗ ಪಾಚಿಯಂಥ ಏನೋ ಬಣ್ಣ, ಮಂಕಾಗಿ. ಬಣ್ಣಕ್ಕೆ ಮೊದಲು ಹೊಡೆಯುವ ಅಸ್ತರಿನ ಪದರವಿರಬೇಕು ಎಂದುಕೊಂಡ. ಇದ್ದ ಒಂದೇ ಸಾಕ್ಷಿಯನ್ನು ಕೈಯಾರೆ ಒರೆಸಿ ಹಾಕಿದ್ದಾಯಿತು. ಡಾಕ್ಟರ ಮಗನಿಗೆ ಏನೆಂದು ಹೇಳುವುದು?

ಪಾಷಾನಿಗೆ ಫೋನು ಮಾಡಿದ. "ಪಾಷಾ, ಕೆಂಪು ಕಲ್ಸಿದ್ದು ಸರಿಯಾಗದಾ?"

"ಡಬ್ಬ ಹಿಡ್ಕೊಂಡೇ ಬಸ್ ಹತ್ತಿದ್ದೀನಿ ಮಾದಣ್ಣ. ಯಾಕೆ, ದನಿ ಹಿಂಗದೆ?"

"ಏನಿಲ್ಲ ಕಣ್ಲಾ. ಸೀಮೆಎಣ್ಣೆ ವಾಸ್ನೆ."

ಫೋನು ಇಟ್ಟ ಮೇಲೆ ಒಂದು ಯೋಚನೆ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತಿತು. ಬಣ್ಣ ಹೇಗೂ ಕಲಸಿ ಆಗಿದೆ. ಸುಧಾಕರ ಬರುವ ಮೊದಲೇ ಪಾಷಾನ ಡಬ್ಬದಿಂದ ಒಂದು ತೊಟ್ಟು ತೆಗೆದು ಆ ಜಾಗಕ್ಕೆ ಸವರಿ, ಹೊಸ ಟೇಪು ಅಂಟಿಸಿಬಿಟ್ಟರೆ? ಕಲಸಿದ ಬಣ್ಣಕ್ಕೂ ಸಾಕ್ಷಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಬರುವುದಿಲ್ಲ. ಸುಧಾಕರ ಖುಷಿಯಾಗಿ ಹೋಗುತ್ತಾನೆ. ಗೋಡೆಯ ಮೇಲೆ ಹುಲಿಯೇರಿ ಕೂತ ಮಾದಪ್ಪನ ಪಟವಿತ್ತು. ಬೆಳಿಗ್ಗೆ ತಾನೇ ಗಾಜು ಒರೆಸಿದ್ದ. ಅತ್ತ ತಿರುಗಲು ಅವನಿಗೆ ಧೈರ್ಯ ಬರಲಿಲ್ಲ.

ಪೂಜೆಗೆ ಬೂದುಗುಂಬಳ, ನಿಂಬೆಹಣ್ಣು ತಂದ ಹೆಂಡತಿ ಈರಮ್ಮ ಬಾಗಿಲಲ್ಲೇ ನಿಂತಳು. "ಇದ್ಯಾಕೆ, ದೆವ್ವ ಕಂಡೋರಂಗೆ ಕುಂತಿದ್ದೀರಿ?"

ಅವನು ಬಟ್ಟೆ ತೋರಿಸಿದ. ನಡೆದದ್ದನ್ನು ತಡವರಿಸುತ್ತ ಹೇಳಿದ. ಡಬ್ಬದಿಂದ ಬಣ್ಣ ಸವರುವ ಯೋಚನೆಯನ್ನು ಹೇಳಲಿಲ್ಲ.

"ತೊಳೀಬೇಡ ಅಂದಿದ್ನ ತೊಳ್ದುಬುಟ್ರಲ್ಲ! ನನ್ ಸೀರೆ ಒಂದಿನಾನಾದ್ರೂ ಇಂಗ್ ತೊಳ್ದಿದ್ದೀರಾ?" ಎಂದು ಬೈಯುತ್ತಲೇ ಈರಮ್ಮ ಬಟ್ಟೆಯನ್ನು ತಿರುವಿ ನೋಡಿದಳು. ಬೆರಳಿನಲ್ಲಿ ಉಜ್ಜಿದಳು. "ಬಣ್ಣ ಅಂದ್ರೆ ಇಂಗೆ ನುಣ್ಣಗೆ ಬತ್ತದಾ? ಇದು ಕುಂಕುಮ ಕಣ."

"ಎಂಜಿನ್‌ಗೆ ಕಾರ್ಖಾನೇಲಿ ಕುಂಕುಮ ಇಕ್ತಾರಾ? ಸುಮ್ಕಿರಮ್ಮಿ."

"ನಮ್ಮವ್ವ ಕುಂಕುಮ ಮಾಡೋದ ನೋಡ್ಕೊಂಡು ಬೆಳ್ದೋಳು ನಾನು. ಅರಿಶಿನಕ್ಕೆ ಸುಣ್ಣ ಬಿದ್ರೆ ಕೆಂಪು. ಹುಳಿ ಬಿದ್ರೆ ತಿರ್ಗಾ ಅರಿಶಿನ." ನಾಳೆ ಗಾಲಿಗಿಡಬೇಕಿದ್ದ ನಿಂಬೆಹಣ್ಣೊಂದನ್ನು ಕೊಯ್ದು, ಬಟ್ಟೆಯ ಅಂಚಿಗೆ ಹಿಂಡಿ ಉಜ್ಜಿದಳು.

ಕೆಂಪು ಒಂದು ಗಳಿಗೆ ಹಾಗೇ ಇತ್ತು. ಆಮೇಲೆ ಅಂಚಿನಿಂದ ಹಳದಿಗೆ ತಿರುಗಿತು.

ಪುಟ್ಟಮಾದಯ್ಯ ಎದ್ದು ಎಂಜಿನ್ನಿನಿಂದ ಬಿಚ್ಚಿಟ್ಟಿದ್ದ ಹಳೆಯ ಬೋಲ್ಟುಗಳ ಡಬ್ಬವನ್ನು ನೆಲಕ್ಕೆ ಸುರಿದ. ಬೋಲ್ಟ್ ತಲೆಗೂ ಅದೇ ಬಣ್ಣ ಎಂದಿದ್ದನಲ್ಲವೇ ಸುಧಾಕರ? ಒಂದರ ತಲೆಯ ಮೇಲಿನ ಜಿಡ್ಡನ್ನು ಉಗುರಿನಿಂದ ಕೆರೆದ. ಪಾಚಿಯ ಬಣ್ಣ. ಇನ್ನೊಂದು. ಅದೂ ಅದೇ. ವಾಷರಿನ ಅಂಚಿನಲ್ಲೂ ಬೂದುಹಸಿರು. ಕೆಂಪು ಎಲ್ಲೂ ಇಲ್ಲ.

ಬಸ್ ಸ್ಟ್ಯಾಂಡಿನಿಂದ ಪಾಷಾನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಸುಧಾಕರ ಬಂದಾಗ ಪುಟ್ಟಮಾದಯ್ಯ ಕೈಕಟ್ಟಿ ನಿಂತಿದ್ದ. ಮೊದಲು ಬಾಯಿಗೆ ಬಂದದ್ದು ಬೋಲ್ಟಿನ ಮಾತಲ್ಲ. "ಸಾರ್, ನಾನು ಅದನ್ನ ಒರೆಸ್ಬುಟ್ಟೆ," ಎಂದ.

ಸುಧಾಕರನ ಮುಖ ಬಿಳುಚಿತು. "ಏನ್ ಮಾಡಿದ್ರಿ ಮಾದಯ್ಯ! ಒಂದೇ ಒಂದು ಮಾತು ಹೇಳಿದ್ದೆ ನಾನು."

ಪುಟ್ಟಮಾದಯ್ಯ ಬೋಲ್ಟುಗಳನ್ನು ಅಂಗೈಯಲ್ಲಿಟ್ಟು ಚಾಚಿದ. ಈರಮ್ಮನೇ ನಿಂಬೆಹಣ್ಣಿನ ಕತೆ ಹೇಳಿದಳು. ಪಾಷಾ ಬೋಲ್ಟನ್ನು ಬೆಳಕಿಗೆ ಹಿಡಿದು ಎಂಜಿನ್ನಿನ ಜಾಗದೊಂದಿಗೆ ಹೋಲಿಸಿದ. ಆಮೇಲೆ ತನ್ನ ಕೆಂಪು ಡಬ್ಬವನ್ನು ನೋಡಿ ಹಣೆ ಚಚ್ಚಿಕೊಂಡ.

"ಯಾ ಅಲ್ಲಾ! ನಾಳಿದ್ದು ಹೊಡ್ದಿದ್ರೆ ಮೈಸೂರ್ನಲ್ಲಿ ಜನ ಬಾನೆಟ್ ಮುಂದೆ ಕೈ ಮುಗೀತಿದ್ರು ಮಾದಣ್ಣ. ಸಾರ್, ಕಾರ್ಖಾನೆ ಬಣ್ಣ ಇದೇ, ಹಸಿರು. ಈ ಬೋಲ್ಟ್ ಕೊಡಿ, ಸಾಕು. ಹೊಸದಾಗಿ ಕಲಸ್ತೀನಿ."

ಬದುಕಿದೆ ಎಂದು ಪುಟ್ಟಮಾದಯ್ಯ ಉಸಿರು ಬಿಡುವವನಿದ್ದ. ಆದರೆ ಸುಧಾಕರ ಬೋಲ್ಟಿನ ಕಡೆ ನೋಡುತ್ತಿರಲಿಲ್ಲ. ಅವನ ಕಣ್ಣು ಈರಮ್ಮನ ಕೈಯಲ್ಲಿದ್ದ ಬಟ್ಟೆಯ ಮೇಲಿತ್ತು.

"ಅಪ್ಪ ಪೂಜೆಗೀಜೆ ಮಾಡ್ದೋರಲ್ಲ," ಎಂದ ನಿಧಾನವಾಗಿ. "ಹಬ್ಬದ ದಿನಾನೂ ಪೇಷಂಟು ಅಂತ ಓಡೋರು. ಅಮ್ಮ ಬಾನೆಟ್ ತೆಗೆಸಿ ಹರಳೆಣ್ಣೇಲಿ ಕುಂಕುಮ ಕಲಸಿ ಹಚ್ಚೋರು. ಕುಂಕುಮಾನೂ ಅವರೇ ಮಾಡ್ತಿದ್ದಿದ್ದು. ಹೋದ ವರ್ಷದ್ದನ್ನ ಒರೆಸೋಕೆ ಬಿಡ್ತಿರಲಿಲ್ಲ, ಅದರ ಮೇಲೇ ಹಚ್ಚೋರು. ನಾನೇ ನೋಡಿದ್ದೀನಿ. ಆದ್ರೂ ಹೊಳೀಲಿಲ್ಲ ನೋಡಿ."

ಪುಟ್ಟಮಾದಯ್ಯನ ಎದೆಯಲ್ಲಿ ಮೊದಲಿನ ಅಂಜಿಕೆ ಹೋಗಿ ಇನ್ನೊಂದು ಬಂತು. ಕಾರ್ಖಾನೆಯ ಬಣ್ಣವಾಗಿದ್ದರೆ ಲೋಕದಲ್ಲಿ ಇನ್ನೆಲ್ಲಾದರೂ ಸಿಕ್ಕೀತು. ತಾನು ಒರೆಸಿದ್ದು ಡಾಕ್ಟರ ಹೆಂಡತಿಯ ಬೆರಳ ಗುರುತು. ಅವರು ತೀರಿಕೊಂಡು ವರ್ಷಗಳೇ ಆಗಿದ್ದವು.

"ಸಾರ್, ನಾನು ಮಡಿ ಮಾಡನ ಅಂತ..." ಎಂದ.

"ಹಸಿರೇ ಹೊಡೀರಿ ಪಾಷಾ. ಬೋಲ್ಟ್ ತಲೆಗೂ, ವಾಷರಿಗೂ," ಎಂದ ಸುಧಾಕರ. ಈರಮ್ಮನ ಕೈಯಿಂದ ಬಟ್ಟೆ ತೆಗೆದುಕೊಂಡ. ಅಂಚು ಹಳದಿ, ನಡುವೆ ಇನ್ನೂ ಅಷ್ಟು ಕೆಂಪು. ಸೀಮೆಎಣ್ಣೆಯ ಜೊತೆ ಕೆಂಪೂ ಹಿಂಡಿಹೋಗದಂತೆ ಮೆತ್ತಗೆ ಮಡಿಸಿದ.

ಈರಮ್ಮ ಕೊಯ್ದ ನಿಂಬೆಯ ಇನ್ನೊಂದು ಹೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಇದಕ್ಕೆ ಇನ್ನು ನಿಂಬೆಹಣ್ಣು ಹಿಂಡಬೇಡಿ ಅಮ್ಮ," ಎಂದ ಸುಧಾಕರ. ಬಾಗಿಲವರೆಗೆ ಹೋದವನು ತಿರುಗಿದ. "ನಾಳೆ ಪೂಜೆ ಎಷ್ಟೊತ್ತಿಗೆ, ಮಾದಯ್ಯ?"