ಹಸಿರು ಪರದೆಯ ಅನುಮಾನ

ನಾನು ಒಂದು ಹಸಿರು ಪರದೆ. ಹುಟ್ಟಿದ್ದು ಬನಹಟ್ಟಿಯ ಒಂದು ಕೈಮಗ್ಗದಲ್ಲಿ. ನನ್ನನ್ನು ನೇಯ್ದ ಈರಪ್ಪಜ್ಜ ಲಾಳಿಯ ಸದ್ದಿಗೆ ಹೊಂದಿಸಿ ವಚನ ಹೇಳಿಕೊಳ್ಳುತ್ತಿದ್ದ. ಸುಮ್ಮನೆ ಕೇಳುವುದನ್ನು ನಾನು ಕಲಿತದ್ದು ಅಲ್ಲಿಯೇ. ದಪ್ಪ ನೂಲಾದ್ದರಿಂದ ಸೀರೆಯಾಗುವ ಭಾಗ್ಯ ಬರಲಿಲ್ಲ. ದರ್ಜಿಯೊಬ್ಬ ನನ್ನನ್ನು ಗಾಲಿಯಿರುವ ಕಬ್ಬಿಣದ ಚೌಕಟ್ಟಿಗೆ ಹೊಲಿದುಕೊಟ್ಟ. ಅಳತೆ ತಪ್ಪಿ ಕೆಳಗೆ ಒಂದು ಮೊಳ ಬಯಲಾಗಿಯೇ ಉಳಿಯಿತು. ಹಾಗೆಯೇ ತಾಲ್ಲೂಕು ಆಸ್ಪತ್ರೆಯ ಹೆಂಗಸರ ತಪಾಸಣೆ ಕೋಣೆಗೆ ಬಂದೆ.

ಮೊದಲ ವಾರದಲ್ಲೇ ನನಗೆ ಅನುಮಾನದ ಬುದ್ಧಿ ಅಂಟಿತು. ಹೆಂಗಸೊಬ್ಬಳು ಸೆರಗು ಸಡಿಲಿಸುವ ಹೊತ್ತಿಗೇ ಯಾರಿಗೋ ಹತ್ತಿ ಬೇಕಾಗುತ್ತಿತ್ತು, ಯಾರದೋ ಚೀಟಿ ಕಳೆದಿರುತ್ತಿತ್ತು. "ಒಳಗೆ ಯಾರೂ ಬರೋದಿಲ್ಲ" ಎಂದವರೇ ನನ್ನ ಅಂಚು ಎತ್ತುತ್ತಿದ್ದರು. ಕೆಳಗಿನ ಬಯಲಿನಲ್ಲಿ ಚಪ್ಪಲಿ, ಬೂಟು ಕಂಡರೆ ಸಾಕು, ನನ್ನ ನೂಲೆಲ್ಲ ಬಿಗಿಯಾಗುತ್ತಿತ್ತು.

ಒಂದು ದಿನ ಗುರುಸಿದ್ದವ್ವ ಬಂದಳು. ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವ ಹೆಂಗಸು. ಎಡ ಮೊಲೆಯಲ್ಲಿ ಗಂಟು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಕೊರಳಲ್ಲಿ ಶಿವದಾರ, ಅದಕ್ಕೆ ತೂಗುವ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಕರಾವಳಿಯಿಂದ ಹೊಸದಾಗಿ ಬಂದಿದ್ದ ಗ್ರೇಸಿ ಸಿಸ್ಟರ್ ಅದನ್ನು ಒಡವೆ ಎಂದುಕೊಂಡಳು. ತೆಗೆದು ಟ್ರೇಯಲ್ಲಿ ಹಾಕಿ ಎಂದಳು. ಟ್ರೇಯಲ್ಲಿ ರಕ್ತದ ಕಲೆಯ ಕತ್ತರಿ ಬಿದ್ದಿತ್ತು. ಅದೇ ಗಳಿಗೆಗೆ ಹಿರಿಯ ಡಾಕ್ಟರು ತರಬೇತಿಯ ಐದು ಮಂದಿಯನ್ನು ಕರೆದುಕೊಂಡು ಬಂದು, ನನ್ನನ್ನು ಸರ್ರನೆ ಪಕ್ಕಕ್ಕೆಳೆದರು.

ಗುರುಸಿದ್ದವ್ವ ಸೆರಗು ಹೊದ್ದು ಎದ್ದಳು.

"ನಾ ಏನ ಗುಡಿಗಿ ಬಂದಿಲ್ರಿ, ಖರೆ. ಆದ್ರ ಸಂತಿಗೂ ಬಂದಿಲ್ಲ."

ಹೋದವಳು ಎಂಟು ತಿಂಗಳು ಬರಲಿಲ್ಲ. ಬಂದಾಗ ಗಂಟು ನಿಂಬೆಹಣ್ಣಿನಷ್ಟಾಗಿತ್ತು. ಅಷ್ಟರಲ್ಲಿ ಹಿರಿಯ ಡಾಕ್ಟರು ನಿವೃತ್ತರಾಗಿ, ಅವರ ಜಾಗಕ್ಕೆ ಡಾಕ್ಟರ್ ಹೊಸಮನಿ ಎಂಬ ಹರೆಯದ ಗಂಡಸು ಬಂದಿದ್ದರು. ಗ್ರೇಸಿ ಅವಳ ಗುರುತು ಹಿಡಿದು ತಲೆ ತಗ್ಗಿಸಿದಳು.

ಗುರುಸಿದ್ದವ್ವ ನನ್ನ ಹೊಲಿಗೆಗಳನ್ನೆಲ್ಲ ತಡವಿ ನೋಡಿದಳು. ಬೆಳಕಿಗೆ ಹಿಡಿದು ತೂತು ಹುಡುಕಿದಳು. ಕೊನೆಗೆ ಬಳೆಗೆ ಸಿಕ್ಕಿಸಿದ್ದ ಪಿನ್ನುಗಳನ್ನು ಬಿಚ್ಚಿ ನನ್ನ ಅಂಚನ್ನು ಚೌಕಟ್ಟಿನ ಕಂಬಿಗೆ ಸುತ್ತಿ ಚುಚ್ಚಿದಳು. ನನಗೆ ಸಮಾಧಾನವಾಯಿತು. ನನ್ನಂಥ ಇನ್ನೊಂದು ಜೀವ ಸಿಕ್ಕಿತು.

ಹೊರಗಿನಿಂದ ಡಾಕ್ಟರು, "ನಾ ಇಲ್ಲೇ ನಿಂತೇನ್ರಿ ಯವ್ವಾ. ನೀವು ಕರದ ಮ್ಯಾಲ ಬರ್ತೇನಿ. ಸಿಸ್ಟರ್ ನಿಮ್ಮ ಜೋಡಿ ಇರ್ತಾರ" ಎಂದರು.

ನಾನು ನಂಬಲಿಲ್ಲ. ಇಂಥ ಮಾತು ಬಹಳ ಕೇಳಿದ್ದೆ. ಅವಳೂ ನಂಬಲಿಲ್ಲ; ಮಂಚದ ಮೇಲೆ ಕೂತು ಕೆಳಗಿನ ಬಯಲಿನಲ್ಲಿ ಅವರ ಬೂಟುಗಳನ್ನೇ ನೋಡುತ್ತಿದ್ದಳು. ಹೊರಗೆ ಸರತಿಯ ಜನ ಗೊಣಗತೊಡಗಿದರು. ಬೂಟುಗಳು ಅಲುಗಾಡಿದವು. ಬಂದರು, ಎಂದುಕೊಂಡೆ. ಆದರೆ ಹಿಮ್ಮಡಿ ನಮ್ಮ ಕಡೆಗಾಯಿತು. ಅವರು ಬೆನ್ನು ತಿರುಗಿಸಿ ನಿಂತರು.

ಬಹಳ ಹೊತ್ತಿನ ಮೇಲೆ ಅವಳು ಕೇಳಿದಳು. "ಲಿಂಗ ಎಲ್ಲಿಡ್ಲಿ?"

"ಎಲ್ಲೀನೂ ಇಡಬ್ಯಾಡ್ರಿ. ಪೂಜಾದಾಗ ಹಿಡದಂಗ ಎಡಗೈಯಾಗ ಹಿಡಕೊಂಡು ಕೈ ಮ್ಯಾಲೆತ್ತರಿ. ನನಗೂ ಕೈ ಎತ್ತಿದ್ರನ ಗಂಟು ತಿಳಿಯೂದು" ಎಂದರು ಡಾಕ್ಟರು, ತಿರುಗದೆಯೇ.

ಅವಳು ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡಳು. ಆಮೇಲೆ, "ಬರ್ರಿ."

ಗ್ರೇಸಿ ಪಿನ್ನು ತೆಗೆದು ಅವರನ್ನು ಒಳಗೆ ಬಿಟ್ಟು, ನನ್ನ ಅಂಚಿಗೆ ತನ್ನ ಬೆನ್ನು ಕೊಟ್ಟು ನಿಂತಳು. ಸೆರಗು ಸರಿದದ್ದು ಒಂದೇ ಪಕ್ಕ. ಮುಟ್ಟುವ ಮೊದಲು ಎಲ್ಲಿ ಮುಟ್ಟುತ್ತೇನೆಂದು ಡಾಕ್ಟರು ಹೇಳುತ್ತಿದ್ದರು. ಎತ್ತಿದ ಅಂಗೈ ಮೇಲೆ ಲಿಂಗ ಅಲುಗಲಿಲ್ಲ.

ಅವಳು ಸೆರಗು ಸರಿಪಡಿಸಿಕೊಂಡ ಮೇಲೆ ಡಾಕ್ಟರು, ಈ ವಾರವೇ ಹುಬ್ಬಳ್ಳಿಗೆ ಹೋಗಬೇಕು, ಆಪರೇಷನ್ ಆಗಬೇಕು ಎಂದರು. ಅವಳು ಕೇಳಿದಳು: "ಎಂಟ ತಿಂಗಳ ಹಿಂದ ತೋರಿಸಿದ್ರ?"

ಡಾಕ್ಟರು ಸುಳ್ಳು ಹೇಳಲಿಲ್ಲ. "ಸಣ್ಣದಿರ್ತಿತ್ತು, ಯವ್ವಾ."

ತಪ್ಪು ನನ್ನದಮ್ಮ ಎಂದಳು ಗ್ರೇಸಿ. ಗುರುಸಿದ್ದವ್ವ ಪಿನ್ನುಗಳನ್ನು ಒಂದೊಂದಾಗಿ ಬಳೆಗೆ ಸಿಕ್ಕಿಸಿಕೊಂಡು ಹೋದಳು.

ಮೊಲೆ ಉಳಿಯಲಿಲ್ಲ, ಜೀವ ಉಳಿಯಿತು. ಎರಡು ವರ್ಷದ ಮೇಲೆ ಅವಳ ನಾದಿನಿ ನೀಲವ್ವ ಬಂದಳು. ಕಡಲೆಕಾಳಿನಷ್ಟೇ ಗಂಟು. "ಬೆನ್ನು ತಿರುವಿ ನಿಂದರುವ ಡಾಕ್ಟರಿಗೇ ತೋರಸು, ತಡಾ ಮಾಡಬ್ಯಾಡ ಅಂದಾಳ್ರಿ ನಮ್ಮ ವೈನಿ" ಎಂದಳು. ತಡವಾಗಿರಲಿಲ್ಲ.

ಈಗ ನಾನು ನೂಲು ಪಿಸಿದು ಹಳತಾಗಿದ್ದೇನೆ. ಉಗ್ರಾಣದಲ್ಲಿ ಮುರಿದ ಗಾಲಿಕುರ್ಚಿಯ ಮೇಲೆ ಹೊದಿಸಿದ್ದಾರೆ. ತಪಾಸಣೆ ಕೋಣೆ ಪಕ್ಕದಲ್ಲೇ ಇದೆ. ಹೊಸದಾಗಿ ತರಬೇತಿಗೆ ಬಂದವರಿಗೆ ಗ್ರೇಸಿ ದಿನಾ ಹೇಳುವುದು ಗೋಡೆಯಾಚೆ ಕೇಳಿಸುತ್ತದೆ: ಹೆಸರು ಹೇಳಿ, ಒಪ್ಪಿಗೆ ಕೇಳಿ, ಕರೆಯುವ ತನಕ ಹೊರಗೇ ನಿಲ್ಲಿ. ಹೂಂ ಎನ್ನುತ್ತಾರೆ. ಹೂಂ ಎನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಇವತ್ತು ನಿಂತರು. ನಾಳೆಯದನ್ನು ನಾಳೆ ಕೇಳಿಯೇ ನಂಬುತ್ತೇನೆ.