ತಾಮ್ರದ ಮೇಲೆ ಉಲ್ಟಾ ಅಕ್ಷರ

ಫರ್ಹೀನ್ ಬಸವಕಲ್ಯಾಣದ ಒಬ್ಬ ಎಂಜಿನಿಯರರ ಆಫೀಸಿನಲ್ಲಿ ಒಂಬತ್ತು ವರ್ಷದಿಂದ ಆಟೋಕ್ಯಾಡ್‌ನಲ್ಲಿ ಮನೆಗಳ ನಕ್ಷೆ ತೆಗೆಯುತ್ತಾಳೆ. ಹುಮನಾಬಾದಿನಲ್ಲಿ ಪಂಪ್ ಸ್ಟಾರ್ಟರ್ ರಿಪೇರಿ ಮಾಡುವ ಮಹಾರುದ್ರಪ್ಪ ಬಂದು ಒಂದು ಹಾಳೆ ಮುಂದಿಟ್ಟಾಗ, ಅದು ಎಂಥ ಮನೆಯೆಂದು ಅವಳಿಗೆ ತಿಳಿಯಲಿಲ್ಲ.

"ಮನಿ ಅಲ್ಲ ತಂಗಿ, ಸರ್ಕ್ಯೂಟ್ ಬೋರ್ಡು. ಕರೆಂಟಿನ ಮೂರು ಫೇಸಿನಾಗ ಒಂದು ಹೋದ್ರ ಮೋಟರ್ ಸುಡಬಾರ್ದಂತ ನಾನೇ ಮಾಡ್ತೀನಿ. ಇಷ್ಟು ದಿನ ತಾಮ್ರದ ಮ್ಯಾಲ ಪೆನ್ನಿಲೆ ಗೆರಿ ಎಳೀತಿದ್ದೆ. ಈಗ ಕೈ ನಡಗಾಕತ್ತಾವ."

"ಇದು ಮನಿ ನಕ್ಷೆ ತೆಗಿಯೋ ಸಾಫ್ಟ್‌ವೇರ್ ಕಾಕಾ. ಯಾವ ಗೆರಿ ಯಾವುದಕ್ಕ ಕೂಡಬೇಕಂತ ಇದಕ್ಕ ಗೊತ್ತಾಗಂಗಿಲ್ಲ."

"ಅದು ನನಗ ಗೊತ್ತದ. ನೀ ಗೆರಿ ಎಳಿ."

ಅವರು ಹೇಳಿದಂತೆ ಎಳೆದಳು. ಮನೆಗೆ ಹೋಗಿ ನೋಡಿದ ವಿಡಿಯೊದಲ್ಲಿ, ಪ್ರಿಂಟ್ ತೆಗೆಯುವ ಮೊದಲು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಬೇಕೆಂದು ಯಾರೋ ಹೇಳಿದರು. ತಿರುಗಿಸಿ ಕಳಿಸಿದಳು. ಮಹಾರುದ್ರಪ್ಪ ಆ ಪ್ರಿಂಟನ್ನು ತಾಮ್ರದ ಮೇಲೆ ಇಸ್ತ್ರಿ ಮಾಡಿ ಅಚ್ಚು ಇಳಿಸಿದರು, ಗೆರೆ ಬಿಟ್ಟು ಉಳಿದ ತಾಮ್ರವನ್ನು ದ್ರಾವಣದಲ್ಲಿ ಕರಗಿಸಿ ಬೋರ್ಡು ಜೋಡಿಸಿದರು. ಬೋರ್ಡಿನ ದೀಪ ಹತ್ತಲಿಲ್ಲ. ಅದರ ಮೇಲೆ ಕೂರಿಸಿದ ಐಸಿ ಚಿಪ್ಪು ಬೆರಳು ಸುಡುವಷ್ಟು ಬಿಸಿಯಾಯಿತು.

ಭಾನುವಾರ ಫರ್ಹೀನ್ ಬಸ್ಸು ಹತ್ತಿ ಅವರ ಅಂಗಡಿಗೆ ಬಂದಳು.

"ನಾ ತೆಗದಿದ್ದು ಹ್ಯಾಂಗದನೋ ತಾಮ್ರದ ಮ್ಯಾಲೂ ಹಾಂಗೇ ಅದ. ಮತ್ತ ತಪ್ಪೆಲ್ಲಿ?"

"ನೀ ಯಾ ಕಡಿಂದ ನೋಡಿ ತೆಗದಿ?"

"ಮ್ಯಾಲಿಂದ. ಮನಿ ಹಾಂಗೇ ನೋಡ್ತೀವಲ್ರಿ."

"ಚಿಪ್ಪು ಮ್ಯಾಲದ. ತಾಮ್ರ ಕೆಳಗದ. ಚಿಪ್ಪಿನ ಕಾಲು ತೂತಿನಾಗ ಇಳಿದು ಕೆಳಗ ಗೆರಿಗೆ ಕೂಡತಾವ."

ಅವಳು ಪ್ರಿಂಟನ್ನು ಬೆಳಕಿಗೆ ಹಿಡಿದು ಮಗುಚಿದಳು. ಇಸ್ತ್ರಿ ಮಾಡುವಾಗ ಒಂದು ಸಲ ಮಗುಚುತ್ತದೆ, ತಾನು ಒಂದು ಸಲ ತಿರುಗಿಸಿದ್ದಾಳೆ, ಬೋರ್ಡನ್ನು ಕೆಳಗಿನಿಂದ ನೋಡಿದರೆ ಮತ್ತೊಂದು. ಮೂರನೆಯದಕ್ಕೆ ಬಂದಾಗ ಮೊದಲನೆಯದು ಮರೆತುಹೋಯಿತು.

"ನಾ ತಿರುಗಿಸಬಾರದಾಗಿತ್ತೇನೋ," ಎಂದಳು.

ಮರುದಿನ ಲೆಕ್ಕ ತಪ್ಪದಿರಲೆಂದು ನಕ್ಷೆಯ ಮೂಲೆಯಲ್ಲಿ ಒಂದು 'ಫ' ಬರೆದು, ತಿರುಗಿಸದೆಯೇ ಪ್ರಿಂಟ್ ತೆಗೆದು, ಸಂಜೆ ತಾನೇ ಅಂಗಡಿಗೆ ತಂದಳು. ಇಸ್ತ್ರಿ ಮಾಡಿದಾಗ ತಾಮ್ರದ ಮೇಲೆ 'ಫ' ಉಲ್ಟಾ ಮೂಡಿತು.

"ಇದು ತಪ್ಪದ ಅನಸ್ತದ ಕಾಕಾ."

"ನನಗೂ ಹಾಂಗೇ ಅನಸ್ತದ," ಎನ್ನುತ್ತ ಮಹಾರುದ್ರಪ್ಪ ತೂತು ಕೊರೆದರು.

ಬೆಸುಗೆ ಮುಗಿದು, ಬೋರ್ಡನ್ನು ಅಂಗಡಿಯ ಒಂದು ಮೋಟರಿಗೆ ಜೋಡಿಸಿ ಕರೆಂಟ್ ಕೊಟ್ಟಾಗ ಹಸಿರು ದೀಪ ಹತ್ತಿತು, ಮೋಟರ್ ತಿರುಗಿತು. ಅವರು ಒಂದು ಫೇಸಿನ ತಂತಿ ಬಿಡಿಸಿದರು. ಟಕ್ ಎಂದು ಮೋಟರ್ ನಿಂತಿತು. ಮತ್ತೆ ಜೋಡಿಸಿದರು, ಮತ್ತೆ ಬಿಡಿಸಿದರು. ಆಗಲೂ ನಿಂತಿತು.

"ಉಲ್ಟಾ ಬಂದ್ರ ಸರಿ ಅಂತ ಬರದಿಡು," ಎಂದರು. "ಯಾಕಂತ ತಿಳೀತೇನು?"

"ಅರ್ಧ ತಿಳೀತ್ರಿ. ನಿಮಗ?"

ಮಹಾರುದ್ರಪ್ಪ ಬೋರ್ಡನ್ನು ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ನೋಡಿದರು.

"ಇನ್ನೊಂದು ಮಾಡಿ ನೋಡೋಣು," ಎಂದರು.