ಹುಳುಮನೆಯ ತಾಳ

ಡ್ರಮ್ಸ್ ಬಾರಿಸುವವಳಿಗೆ ಸದ್ದು ಮಾಡಬೇಡ ಎಂದರೆ ಇನ್ನೇನು ಉಳಿಯಿತು? ಆದರೆ ಜಂಗಮಕೋಟೆಯ ನಮ್ಮ ಮನೆಯಲ್ಲಿ ಅಜ್ಜಿ ಅಮ್ಮಾಜಮ್ಮನ ಮಾತೇ ಕೊನೆ. ನಮ್ಮ ಬ್ಯಾಂಡು ಅಭ್ಯಾಸ ಮಾಡುತ್ತಿದ್ದುದು ರೇಷ್ಮೆಹುಳು ಸಾಕುವ ಮನೆಯ ಪಕ್ಕದ ಕೋಣೆಯಲ್ಲಿ. ಪೊರೆ ಬಿಡುವ ಮುನ್ನ ಹುಳುಗಳು ಸೊಪ್ಪು ಮುಟ್ಟದೆ ಮಲಗಿಬಿಡುತ್ತವೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಜ್ವರ ಬಂದವರ ಮನೆಯಲ್ಲಿ ಯಾರಾದರೂ ಡ್ರಮ್ಸ್ ಬಡಿಯುತ್ತಾರೆಯೇ ಎಂಬುದು ಅಜ್ಜಿಯ ವಾದ.

ನಾಲ್ಕನೇ ಜ್ವರದ ದಿನ ನಾನು ಸಿಟ್ಟಿನಿಂದ ಕೋಲು ಕೆಳಗಿಟ್ಟು, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಮೇಲೆ ಬೆರಳಲ್ಲೇ ತಾಳ ಹಾಕಿದೆ. ಗಿಟಾರ್ ಹಿಡಿದಿದ್ದ ಅಚ್ಯುತ್ ಕಿವಿ ನಿಮಿರಿಸಿದ. ಮೂರು ವರ್ಷ ಅಬ್ಬರಿಸಿದ್ದು ಸಾಕು, ಇನ್ನು ನಮ್ಮ ಹಾಡು ಹೀಗೇ ಇರಲಿ ಎಂದ. ಕೀಬೋರ್ಡಿನ ಶರ್ವಾಣಿ ತಲೆಯಾಡಿಸಿದಳು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಚಿಕ್ಕಬಳ್ಳಾಪುರದಲ್ಲಿ ನಮ್ಮ ಮೊದಲ ದೊಡ್ಡ ಕಾರ್ಯಕ್ರಮ ಮುಂದಿನ ಭಾನುವಾರ ಸಂಜೆ. ಬೆರಳು ಮಡಿಸಿ ಎಣಿಸಿದರೆ ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಡುವುದೂ ಅದೇ ದಿನ. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ, ಮನೆಮಂದಿಯೆಲ್ಲ ಸೇರಿ ಆರಿಸಿ ಚಂದ್ರಿಕೆಗೆ ಬಿಡಬೇಕು. ನಾನು ಬರುವುದು ತಡವಾದರೆ ಬೇಕಾದೀತು, ತಾಳವನ್ನು ರೆಕಾರ್ಡ್ ಮಾಡಿಕೋ ಎಂದು ಅಚ್ಯುತ್‌ಗೆ ನಾನೇ ಹೇಳಿದೆ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡದ್ದು ಹೀಗೆ. ಹುಟ್ಟುಗುಣ ಸುಟ್ಟರೂ ಹೋಗದು, ರೆಕಾರ್ಡ್ ಮಾಡುವಾಗ ಮಧ್ಯದಲ್ಲಿ ಕೈ ಜೋರಾಯಿತು. ಬಾಗಿಲಲ್ಲಿ ನಿಂತಿದ್ದ ಅಜ್ಜಿ ತನ್ನ ತೆಲುಗಿನಲ್ಲಿ ಗದರಿದಳು. ರೆಕಾರ್ಡಿಗೆ ಬಿದ್ದ ಅಜ್ಜಿಯ ದನಿಯನ್ನು ಆಮೇಲೆ ತೆಗೆದುಹಾಕುತ್ತೇನೆ ಎಂದ ಅಚ್ಯುತ್.

ಭಾನುವಾರ ಬೆಳಕು ಹರಿಯುವ ಮೊದಲೇ ಹುಳು ಆರಿಸಲು ಕೂತೆ. ಮೂರು ಗಂಟೆಗೆ ಮುಗಿಸಿ, ಕೋಲುಗಳನ್ನು ಚೀಲಕ್ಕೆ ತುರುಕಿ ಬಸ್ಸು ಹತ್ತಿದೆ. ಹೊತ್ತಿಗೆ ಮುಂಚೆಯೇ ತಲುಪಿದೆ. ವೇದಿಕೆಯ ಮೇಲೆ ಡ್ರಮ್ಸ್ ಇರಲಿಲ್ಲ, ಚಂದ್ರಿಕೆಯೂ ಇರಲಿಲ್ಲ.

ಅಚ್ಯುತ್ ಕೆಳಗಿಳಿದು ಬಂದ. ಜಾಗ ಚಿಕ್ಕದು, ಮೈಕು ಕಡಿಮೆ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೇನೋ ಹೇಳಿದ. ಕೊನೆಗೆ ನಿಜ ಬಾಯಿಗೆ ಬಂತು.

"ನೀನು ಕೂತ್ರೆ ಮತ್ತೆ ಜೋರಾಗುತ್ತೆ ಕಣೇ ಹರಿತಾ. ರೆಕಾರ್ಡಿಂಗ್ ಸರಿಯಾಗಿದೆ. ಅದ್ರಲ್ಲೂ ನೀನೇ ತಾನೆ ಇರೋದು?"

ಶರ್ವಾಣಿ ಕೀಬೋರ್ಡಿನ ವೈರು ನೋಡುತ್ತಾ ನಿಂತಳು. ಕೋಲು ತೆಗೆದು ಅವನ ತಲೆಯ ಮೇಲೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ, ಹಿಂದಿನ ಸಾಲಿಗೆ ಹೋಗಿ ನಿಂತೆ. ಅಷ್ಟೊಂದು ಜನರ ನಡುವೆ ನನಗೆ ನನ್ನವರೆನ್ನಲು ಒಬ್ಬರೂ ಇರಲಿಲ್ಲ.

ದೀಪ ಆರಿದವು. ಸ್ಪೀಕರಿನಿಂದ ನನ್ನ ಬೆರಳುಗಳ ಸದ್ದು ಹೊರಟಿತು. ಚೆನ್ನಾಗಿತ್ತು. ನನಗೆ ಗೊತ್ತಿಲ್ಲದಂತೆ ನಾನೂ ಚೀಲದ ಮೇಲೆ ಅದೇ ತಾಳ ಹಾಕತೊಡಗಿದ್ದೆ. ಆಗ ಸಭೆಯ ತುಂಬ ಅಜ್ಜಿಯ ದನಿ ಕೇಳಿತು.

"ಮೆಲ್ಲಗಾ ಅಮ್ಮಾ, ಮೆಲ್ಲಗಾ."

ಜನ ಶಿಳ್ಳೆ ಹೊಡೆದರು. ನನ್ನ ಕೈ ಅಭ್ಯಾಸಬಲದಿಂದ ಗಪ್ಪನೆ ನಿಂತಿತು. ವೇದಿಕೆಯ ಮೇಲೆ ತಾಳ ಮಾತ್ರ ನಿಲ್ಲಲಿಲ್ಲ.

ಪಕ್ಕದ ಹುಡುಗಿ ನನ್ನತ್ತ ಬಾಗಿ, ಅದು ಯಾರಜ್ಜಿ ಇರಬಹುದು ಎಂದು ಕೇಳಿದಳು.

"ಗೊತ್ತಿಲ್ಲಮ್ಮ" ಎಂದೆ.